ಮೊಲ ಮೇವು ಬಿಟ್ಟರೆ ಗೋವಿನಜೋಳದ ಚೀಲ ಬಿಚ್ಚಿ ನೋಡಿರಿ



ಮೇಡ್ಲೇರಿಯ ಸುತ್ತಿನ ಹಳ್ಳಿಗಳಲ್ಲಿ ಮಕ್ಕಳ ಆಸೆಗೆಂದು ಸಂತೆಯಿಂದಲೋ ಜಾತ್ರೆಯಿಂದಲೋ ಒಂದು ಜೊತೆ ಬಿಳಿ ಮೊಲ ತಂದು ಸಾಕುವವರು ಇದ್ದಾರೆ. ಎಮ್ಮೆ ಮೇವು ಬಿಟ್ಟರೆ ಆ ಹೊತ್ತೇ ದನದ ಡಾಕ್ಟರನ್ನು ಕರೆಯುತ್ತೇವೆ. ಮೊಲ ಮೇವು ಬಿಟ್ಟರೆ "ಹುಡುಗರ ಆಟದ ಪ್ರಾಣಿ, ನಾಳೆ ಸರಿಹೋದೀತು" ಎಂದು ಸುಮ್ಮನಿರುತ್ತೇವೆ. ನಾಳೆಯ ಹೊತ್ತಿಗೆ ಅದು ಸತ್ತಿರುವುದುಂಟು. ಮಕ್ಕಳು ಅಳುವರು, ತಿಪ್ಪೆಯಲ್ಲಿ ಹೂಳುವೆವು, ಅಲ್ಲಿಗೆ ಮರೆಯುವೆವು. ಆದರೆ ಮೊಲ ಏತಕ್ಕೆ ಸತ್ತಿತು ಎಂಬುದನ್ನು ಕೇಳದೆ ಬಿಟ್ಟರೆ ಕೆಲವೊಮ್ಮೆ ದೊಡ್ಡ ನಷ್ಟವಾಗುತ್ತದೆ. ಮೊಲ ತಿಂದ ಕಾಳನ್ನೇ ಕೋಳಿ ತಿನ್ನುತ್ತಿರುತ್ತದೆ, ಕರೆಯುವ ಆಕಳು ತಿನ್ನುತ್ತಿರುತ್ತದೆ, ಆ ಆಕಳ ಹಾಲನ್ನು ಮನೆಯ ಕೂಸು ಕುಡಿಯುತ್ತಿರುತ್ತದೆ.

ಮೊದಲು ಒಂದು ಮಾತು. ಇಲ್ಲಿ ಹೇಳುವುದು ಸಾಕು ಮೊಲದ ವಿಷಯ. ಹೊಲದ ಬದುವಿನಲ್ಲಿ, ಜಾಲಿ ಮೆಳೆಯಲ್ಲಿ ಸಿಕ್ಕುವ ಕಾಡುಮೊಲದ ಮರಿಯನ್ನು ಹಿಡಿದು ತಂದು ಸಾಕಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅದು ಅಪರಾಧ. ರಾಣೇಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದ ಮಗ್ಗುಲಲ್ಲಿರುವ ನಮಗೆ ಇದು ತಿಳಿದಿರಬೇಕು. ಅದೂ ಅಲ್ಲದೆ ಕಾಡುಮೊಲ ಹೆದರಿಕೆಗೇ ಮೇವು ಬಿಟ್ಟು ಸಾಯುತ್ತದೆ.

ಮೊಲದ ಬೇನೆ ಕಂಡುಹಿಡಿಯುವುದು ದನದ ಬೇನೆಗಿಂತ ಕಷ್ಟ. ನಾಯಿ, ನರಿ, ಹದ್ದು ಎಲ್ಲವಕ್ಕೂ ಅದು ತುತ್ತು. ಸೊರಗಿದಂತೆ ಕಂಡರೆ ಹಿಡಿಯುವವರು ಹಿಡಿದಾರೆಂದು ನೋವನ್ನು ಮುಚ್ಚಿಕೊಳ್ಳುವುದು ಅದರ ಹುಟ್ಟುಗುಣ. ಒದರುವುದಿಲ್ಲ, ನರಳುವುದಿಲ್ಲ. ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಬೇನೆ ಬಲಿತಿರುತ್ತದೆ. ಅದರ ಹೊಟ್ಟೆಯೂ ವಿಚಿತ್ರವಾದದ್ದು. ವಾಂತಿ ಮಾಡಲು ಅದಕ್ಕೆ ಬಾರದು. ನಾರಿನ ಮೇವು ಸದಾ ಒಳಗೆ ಹೋಗುತ್ತಿದ್ದರೆ ಮಾತ್ರ ಕರುಳು ನಡೆಯುತ್ತದೆ. ಅರ್ಧ ದಿನ ಬಾಯಿ ಮುಚ್ಚಿದರೆ ಕರುಳು ನಿಂತು ಹೊಟ್ಟೆಯಲ್ಲಿ ವಾಯು ತುಂಬುತ್ತದೆ. ಎತ್ತು ಎರಡು ದಿನ ಉಪವಾಸ ತಡೆದೀತು, ಮೊಲ ತಡೆಯದು. ಬೆಳಿಗ್ಗೆ ಮೇವು ಬಿಟ್ಟ ಮೊಲವನ್ನು ಸಂಜೆಯೊಳಗೆ ವೈದ್ಯರಿಗೆ ತೋರಿಸಬೇಕು.

ಈಗ ಒಂದು ಮನೆಯನ್ನು ಕಣ್ಣಮುಂದೆ ತಂದುಕೊಳ್ಳಿರಿ. ಇದು ನಡೆದ ಕತೆಯಲ್ಲ. ತಿಳಿಯಲು ಅನುಕೂಲವಾಗಲೆಂದು ಕಟ್ಟಿಕೊಂಡದ್ದು. ದೀಪಾವಳಿ ಕಳೆದು ಎರಡು ವಾರವಾಗಿದೆ. ಪಡಸಾಲೆಯಲ್ಲಿ ಮರದ ಪೆಟ್ಟಿಗೆಗೆ ತಂತಿಯ ಬಾಗಿಲು ಹಚ್ಚಿದ ಗೂಡು. ಅದರಲ್ಲಿ ಎರಡು ಮೊಲ. ಮೂರನೆಯದೊಂದು ಗೂಡಿನಲ್ಲಿ ನಿಲ್ಲದೆ ಹಿತ್ತಲಲ್ಲಿ ಓಡಾಡಿಕೊಂಡಿರುತ್ತದೆ. ಗೂಡಿನವು ನಾಲ್ಕು ದಿನದಿಂದ ಮಂಕಾಗಿವೆ. ಬೆನ್ನು ಗೂನು ಮಾಡಿ ಮೂಲೆಯಲ್ಲಿ ಕುಳಿತಿವೆ. ಹಿಕ್ಕೆ ಕಡಿಮೆಯಾಗಿ ಮೆಣಸಿನ ಕಾಳಿನಷ್ಟು ಸಣ್ಣದಾಗಿದೆ. ಬೆನ್ನೆಲುಬು ಕೈಗೆ ಹತ್ತುತ್ತದೆ. ಹಿತ್ತಲ ಮೊಲ ಮಾತ್ರ ಚೆನ್ನಾಗಿದೆ. ಮನೆಯ ಅಜ್ಜಿ "ದೃಷ್ಟಿಯಾಗಿದೆ" ಎನ್ನುತ್ತಾಳೆ. ಮಗ "ಶೀತ" ಎನ್ನುತ್ತಾನೆ. ಪಕ್ಕದ ಮನೆಯವರು ತಮ್ಮ ಮಗುವಿಗೆ ತಂದು ಉಳಿದ ಜ್ವರದ ಗುಳಿಗೆಯಲ್ಲಿ ಅರ್ಧ ಕೊಡಲು ಹೇಳುತ್ತಾರೆ.

ಆ ಗುಳಿಗೆಯನ್ನು ಅಲ್ಲಿಯೇ ತಡೆಯಿರಿ. ಪೆನಿಸಿಲಿನ್, ಆಂಪಿಸಿಲಿನ್, ಅಮಾಕ್ಸಿಸಿಲಿನ್ ಇವು ಮನುಷ್ಯನಿಗೆ ಒಳ್ಳೆಯ ಔಷಧಗಳು. ಮೊಲದ ಬಾಯಿಗೆ ಹಾಕಿದರೆ ಕರುಳಿನಲ್ಲಿ ಮೇವನ್ನು ಅರಗಿಸುವ ಒಳ್ಳೆಯ ಸೂಕ್ಷ್ಮಜೀವಿಗಳನ್ನೆಲ್ಲ ಕೊಂದು, ಕೆಟ್ಟವು ಬೆಳೆಯಲು ದಾರಿ ಮಾಡಿಕೊಡುತ್ತವೆ. ಬೇಧಿ ಹತ್ತಿ ಮೊಲ ಸಾಯುತ್ತದೆ. ನಾಯಿಯ ಉಣ್ಣೆಗೆ ಹೊಡೆಯುವ ಫಿಪ್ರೊನಿಲ್ ಔಷಧವೂ ಮೊಲಕ್ಕೆ ವಿಷ. ಏನು ಬೇನೆ ಎಂದು ತಿಳಿಯುವ ಮೊದಲು ಏನನ್ನೂ ಕುಡಿಸಬೇಡಿರಿ, ಏನನ್ನೂ ಹಚ್ಚಬೇಡಿರಿ.

ಹಾಗಾದರೆ ಏನು ಮಾಡಬೇಕು? ಮೊದಲು ಸುಮ್ಮನೆ ಕುಳಿತು ನೋಡಬೇಕು. ಹೊಲದಲ್ಲಿ ಹತ್ತಿಯ ಎಲೆ ಕೆಂಪಾದರೆ ನೀವು ಏನು ಮಾಡುವಿರಿ? ಒಂದೇ ಗಿಡವೋ, ಸಾಲು ಪೂರ್ತಿಯೋ, ತಗ್ಗಿನಲ್ಲಿಯೋ, ದಿಬ್ಬದ ಮೇಲೋ ಎಂದು ನೋಡುವಿರಿ. ಇಲ್ಲಿಯೂ ಹಾಗೆಯೇ.

ಮೊಲದ ಮುಂದೆ ಅದಕ್ಕೆ ಇಷ್ಟವಾದ ಸೊಪ್ಪಿನ ಒಂದು ಎಸಳು ಹಿಡಿಯಿರಿ. ಓಡಿ ಬಂದು ಬಾಯಿ ಹಾಕಿ, ಅಗಿಯಲಾರದೆ ಕೆಡವಿದರೆ ಅದಕ್ಕೆ ಹಸಿವಿದೆ, ಬಾಯಿಯಲ್ಲಿ ನೋವಿದೆ. ಇದು ಹಲ್ಲಿನ ಬೇನೆ. ಮೊಲಕ್ಕೆ 28 ಹಲ್ಲುಗಳು. ಅವೆಲ್ಲ ಸಾಯುವವರೆಗೂ ಬೆಳೆಯುತ್ತಲೇ ಇರುತ್ತವೆ. ಒರಟು ಹುಲ್ಲನ್ನು ಅಗಿದು ಅಗಿದು ಸವೆಸಬೇಕು. ಹುಲ್ಲು ಕೊಡದೆ ಬರೀ ಕಾಳು, ಅನ್ನ, ರೊಟ್ಟಿ ಹಾಕಿ ಬೆಳೆಸಿದ ಮೊಲದ ಮುಂದಿನ ಹಲ್ಲು ಉಗುರಿನಂತೆ ಬೆಳೆದು ತುಟಿಗೆ ಚುಚ್ಚುವುದುಂಟು. ದವಡೆಯ ಹಲ್ಲು ಮೊನೆಯಾಗಿ ನಾಲಗೆ ಕೊಯ್ಯುವುದುಂಟು. ಗದ್ದ ಸದಾ ಜೊಲ್ಲಿನಿಂದ ಒದ್ದೆಯಾಗಿದ್ದರೆ ಸಂಶಯವೇ ಬೇಡ. ಕತ್ತರಿಯಿಂದ ನೀವೇ ಹಲ್ಲು ಕತ್ತರಿಸಲು ಹೋಗಬೇಡಿರಿ, ಸೀಳಿ ಬೇರಿನವರೆಗೆ ಒಡೆಯುತ್ತದೆ.

ನಮ್ಮ ಗೂಡಿನ ಮೊಲಗಳೋ, ಎಸಳನ್ನು ಮೂಸಿ ಮುಖ ತಿರುಗಿಸಿದವು. ಗದ್ದ ಒಣಗಿದೆ. ಅಂದರೆ ಹಸಿವೇ ಇಲ್ಲ. ಹಲ್ಲನ್ನು ಬಿಟ್ಟುಬಿಡೋಣ.

ಮುಂಗಾಲಿನ ಒಳಮಗ್ಗುಲು ನೋಡಿರಿ. ನೆಗಡಿಯಾದ ಮೊಲ ಮೂಗನ್ನು ಮುಂಗಾಲಿನಿಂದಲೇ ಒರೆಸಿಕೊಳ್ಳುತ್ತದೆ, ಆದ್ದರಿಂದ ಅಲ್ಲಿಯ ಕೂದಲು ಗಂಟುಗಟ್ಟಿರುತ್ತದೆ. ಕಿವಿಯೊಳಗೆ ಕಂದು ಹೊಕ್ಕಳೆ ಪದರ ಪದರವಾಗಿದ್ದು ಮೊಲ ತಲೆ ಒದರುತ್ತಿದ್ದರೆ ಅದು ಕಜ್ಜಿಯ ಹುಳು. ತಲೆ ಒಂದು ಕಡೆಗೆ ವಾಲಿದ್ದರೆ ಕಿವಿಯ ಒಳಗಿನ ಕೀವೋ, ಮಿದುಳಿಗೆ ಹತ್ತಿದ ಬೇರೊಂದು ಸೂಕ್ಷ್ಮಜೀವಿಯೋ ಇರಬಹುದು. ಅದನ್ನು ವೈದ್ಯರೇ ಹೇಳಬೇಕು. ಉಚ್ಚೆ ಕೆಂಪಗಾಯಿತೆಂದು ಗಾಬರಿಯಾಗುವವರಿದ್ದಾರೆ. ಕೆಲವು ಸೊಪ್ಪು ತಿಂದಾಗ ಮೊಲದ ಉಚ್ಚೆ ಕೆಂಪಗೆ, ಕಂದಾಗಿ ಬರುವುದು ಸಹಜ. ಸುಣ್ಣದ ತಿಳಿಯಂತೆ ಬೆಳ್ಳಗೆ ಬರುವುದೂ ಸಹಜ. ರಾತ್ರಿ ಮೆತ್ತನೆಯ ಹಿಕ್ಕೆ ಹಾಕಿ ತಾನೇ ತಿನ್ನುವುದನ್ನು ಕಂಡು ಹೇಸಿ ಗೂಡು ಬದಲಿಸುವವರೂ ಉಂಟು. ಅದು ಬೇನೆಯಲ್ಲ. ದನ ಮೆಲುಕು ಹಾಕುವಂತೆ ಮೊಲ ಮೇವಿನ ಸತ್ವವನ್ನು ಎರಡನೆಯ ಸಲ ಪಡೆಯುವ ರೀತಿ ಅದು.

ಇವೆಲ್ಲ ಇಲ್ಲ ಎಂದಾದ ಮೇಲೆ ಕಾಲವನ್ನು ನೋಡಬೇಕು. ಏಪ್ರಿಲ್–ಮೇ ತಿಂಗಳಾಗಿದ್ದರೆ ಮೊದಲು ಬಿಸಿಲನ್ನೇ ಸಂಶಯಪಡಬೇಕಾಗಿತ್ತು. ಮೊಲಕ್ಕೆ ನಮ್ಮ ಹಾಗೆ ಬೆವರಲು ಬಾರದು. ಮೈಯ ಕಾವನ್ನು ಮುಖ್ಯವಾಗಿ ಕಿವಿಗಳ ಮೂಲಕ ಕಳೆಯುತ್ತದೆ. ತಗಡಿನ ಮಾಡಿನ ಕೆಳಗೆ ನಮ್ಮ ಬಯಲುಸೀಮೆಯ ಬೇಸಿಗೆಯ ಮಧ್ಯಾಹ್ನವನ್ನು ಅದು ತಡೆಯಲಾರದು. ಈಗ ಚಳಿಯ ಆರಂಭ, ಗೂಡು ನೆರಳಿನಲ್ಲಿದೆ. ಬಿಸಿಲಲ್ಲ.

ಬೇನೆ ಎಷ್ಟು ಬೇಗ ಬಂತು ಎಂಬುದೂ ಬಹಳ ಹೇಳುತ್ತದೆ. ಔಷಧ ಹೊಡೆದ ಹತ್ತಿ ಹೊಲದ ಬದುವಿನ ಹುಲ್ಲು ತಿಂದಿದ್ದರೆ ಕೆಲವೇ ತಾಸುಗಳಲ್ಲಿ ಜೊಲ್ಲು ಸುರಿದು ಮೈ ನಡುಗುತ್ತಿತ್ತು. ಮಳೆ ಹೋಗಿ ಬಾಡಿದ ಎಳೆ ಜೋಳದ ಚಿಗುರು ತಿಂದು ದನ ಬೀಳುವುದನ್ನು ನೀವು ಕಂಡಿದ್ದೀರಿ; ಆ ವಿಷ ತಾಸು ಹೊತ್ತನ್ನೂ ಕೊಡದು. ಇಲ್ಲಿ ನಾಲ್ಕು ದಿನದಿಂದ ದಿನಕ್ಕಿಷ್ಟು ದಿನಕ್ಕಿಷ್ಟು ಎಂದು ಸೊರಗುತ್ತಿವೆ. ಇದು ನಿಧಾನ ವಿಷದ ನಡೆ, ಇಲ್ಲವೇ ಒಳಗಿನ ರೋಗದ ನಡೆ.

ಈಗ ಮುಖ್ಯ ಪ್ರಶ್ನೆ. ಬೇನೆ ಬಿದ್ದವಕ್ಕೂ ಬೀಳದ್ದಕ್ಕೂ ಏನು ಭೇದ? ಹಿತ್ತಲ ಮೊಲ ಕರಿಕೆ, ಬೇಲಿಯ ಸೊಪ್ಪು ತಿಂದುಕೊಂಡಿದೆ. ಗೂಡಿನವಕ್ಕೆ ಮನೆಯ ಹುಡುಗ ದಿನಾ ಎರಡು ಹಿಡಿ ಒಡೆದ ಗೋವಿನಜೋಳ ಹಾಕುತ್ತಾನೆ, ಮೇಲೆ ಒಂದಿಷ್ಟು ಶೇಂಗಾ ಹಿಂಡಿ. ಎಂದಿನಿಂದ? ಹೊಸ ಗೋವಿನಜೋಳದ ಚೀಲ ಬಿಚ್ಚಿದಾಗಿನಿಂದ, ಹತ್ತು ದಿನವಾಯಿತು. ಆ ಕಾಳು ಎಂಥದು? ತೆನೆ ಮುರಿಯುವ ಹೊತ್ತಿಗೆ ಮಳೆ ಹಿಡಿಯಿತು. ಅರೆ ಒಣಗಿದ್ದನ್ನೇ ಯಂತ್ರಕ್ಕೆ ಹಾಕಿ ಬಿಡಿಸಿ, ಒಳ್ಳೆಯದನ್ನು ರಾಣೇಬೆನ್ನೂರು ಮಾರುಕಟ್ಟೆಗೆ ಕಳಿಸಿ, ಒಡಕು ಕಾಳು, ಕಪ್ಪಾದದ್ದು ಮನೆಯ ದನಕ್ಕಿರಲಿ ಎಂದು ಚೀಲ ತುಂಬಿ ನೆಲದ ಮೇಲೆ ಗೋಡೆಗೆ ಒರಗಿಸಿದ್ದರು. ಚೀಲದ ತಳಕ್ಕೆ ಕೈ ಹಾಕಿ ನೋಡಿದರೆ ಬೆಚ್ಚಗಿದೆ. ಕಾಳು ಕಾಳಿಗೆ ಅಂಟಿದೆ. ಮೂಸಿದರೆ ಹಳೆಯ ಹಗೇವಿನ ಕಮಟು. ಮೊಳಕೆಯ ಕಡೆ ಹಳದಿ-ಹಸಿರು ಪುಡಿ.

ಇದೇ ಬೂಷ್ಟು. ಬಿಸಿ ಮತ್ತು ತೇವ ಎರಡೂ ಇದ್ದಲ್ಲಿ, ಒಡೆದ ಕಾಳಿನ ಮೇಲೆ ಮೊದಲು ಹತ್ತುತ್ತದೆ. ಇದರಲ್ಲಿ ಒಂದು ಜಾತಿ ಅಫ್ಲಟಾಕ್ಸಿನ್ ಎಂಬ ವಿಷವನ್ನು ಕಾಳಿನೊಳಗೆ ಬಿಡುತ್ತದೆ. ಯಕೃತ್ತನ್ನು ಕೆಡಿಸುವ ವಿಷ ಅದು. ಇದಕ್ಕೆ ಎಲ್ಲ ಪ್ರಾಣಿಗಳೂ ಒಂದೇ ಸಮನಾಗಿ ಸೋಲುವುದಿಲ್ಲ. ಕುರಿ ಬಹಳ ತಡೆಯುತ್ತದೆ, ದೊಡ್ಡ ದನವೂ ಒಂದು ಮಟ್ಟಿಗೆ ತಡೆಯುತ್ತದೆ. ಮೊಲವೂ ಬಾತುಕೋಳಿಯ ಮರಿಯೂ ಎಲ್ಲಕ್ಕಿಂತ ಬೇಗ ಬೀಳುವವುಗಳ ಸಾಲಿನವು. ಒಂದು ಕಿಲೋ ತೂಕದ ಮೊಲವನ್ನು ಕೊಲ್ಲಲು ಒಂದು ಮಿಲಿಗ್ರಾಂ ವಿಷದ ಮೂರನೆಯ ಒಂದು ಪಾಲು ಸಾಕಾಗಬಹುದು. ಆದುದರಿಂದಲೇ ಅದೇ ಚೀಲದ ಕಾಳು ತಿಂದ ಕುರಿ ಮೇಯುತ್ತಿದೆ, ಮೊಲ ಸೊರಗಿದೆ. "ಕುರಿಗೆ ಏನೂ ಆಗಿಲ್ಲ, ಕಾಳು ಒಳ್ಳೆಯದೇ" ಎಂದು ವಾದಿಸುವುದು ತಪ್ಪು.

ಇನ್ನೊಂದು ಗುರುತು ನೋಡಿರಿ. ಬಿಳಿ ಮೊಲದ ಕಿವಿಯ ಒಳಮಗ್ಗುಲನ್ನು ಬೆಳಕಿಗೆ ಹಿಡಿದರೆ ತಿಳಿಗೆಂಪು ಕಾಣಬೇಕು. ಯಕೃತ್ತು ಕೆಟ್ಟಿದ್ದರೆ ಅಲ್ಲಿ, ಕಣ್ಣಿನ ಒಳರೆಪ್ಪೆಯಲ್ಲಿ ಅರಿಸಿನದ ಛಾಯೆ ಕಾಣುವುದುಂಟು. ಆದರೆ ಮೊಲದ ಯಕೃತ್ತಿಗೆ ಹತ್ತುವ ಕಾಕ್ಸಿಡಿಯ ಎಂಬ ಇನ್ನೊಂದು ಬೇನೆಯೂ ಇದೆ. ಹೊಲಸು ಗೂಡಿನಲ್ಲಿ ಹಿಕ್ಕೆಯಿಂದ ಹರಡುತ್ತದೆ, ಹೆಚ್ಚಾಗಿ ಎಳೆ ಮರಿಗಳನ್ನು ಹಿಡಿಯುತ್ತದೆ, ಹೊಟ್ಟೆ ಡೊಳ್ಳಾಗುತ್ತದೆ. ಇವೆರಡನ್ನೂ ಬೇರ್ಪಡಿಸಲು ಹಿಕ್ಕೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಸತ್ತ ಮೊಲವನ್ನು ಕೊಯ್ದು ನೋಡಿದರೂ ತಿಳಿಯುತ್ತದೆ: ಕಾಕ್ಸಿಡಿಯದಲ್ಲಿ ಯಕೃತ್ತಿನ ಮೇಲೆ ಬಿಳಿ ಗಂಟುಗಳು, ಬೂಷ್ಟಿನ ವಿಷದಲ್ಲಿ ಯಕೃತ್ತು ಬಣ್ಣಗೆಟ್ಟಿರುತ್ತದೆ, ಆ ಗಂಟುಗಳಿರುವುದಿಲ್ಲ. ಹತ್ತಿಕಾಳಿನ ಹಿಂಡಿಯನ್ನೂ ಮರೆಯಬಾರದು. ಅದರಲ್ಲಿರುವ ಗಾಸಿಪಾಲ್ ಎಂಬ ಅಂಶವನ್ನು ಮೆಲುಕು ಹಾಕುವ ದನ ತಡೆದುಕೊಳ್ಳುತ್ತದೆ, ಮೊಲ ತಡೆದುಕೊಳ್ಳಲಾರದು. ದನಕ್ಕೆ ಒಗ್ಗಿದ್ದೆಲ್ಲ ಮೊಲಕ್ಕೆ ಒಗ್ಗದು.

ಈ ವಿಷವನ್ನು ಜಗತ್ತು ಕಂಡುಕೊಂಡದ್ದೂ ಹೀಗೆಯೇ, ಸಾಕು ಹಕ್ಕಿಗಳ ಸಾವಿನ ಕಾರಣ ಹುಡುಕುತ್ತಾ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಮೇಲ್ಪಟ್ಟು ಟರ್ಕಿ ಕೋಳಿಮರಿಗಳು ಸತ್ತವು. ಯಾವ ರೋಗವೆಂದು ತಿಳಿಯದೆ "ಟರ್ಕಿ ಎಕ್ಸ್ ರೋಗ" ಎಂದು ಕರೆದರು. ಅಂಟುರೋಗವಿರಬಹುದೆಂದು ಸೂಕ್ಷ್ಮಜೀವಿಗಾಗಿ ಹುಡುಕಿದರು, ಸಿಕ್ಕಲಿಲ್ಲ. ಸತ್ತ ಮರಿಗಳೆಲ್ಲ ತಿಂದದ್ದೇನು ಎಂದು ವಿಚಾರಿಸಿದಾಗ ಬ್ರೆಜಿಲ್ ದೇಶದಿಂದ ಬಂದ ಶೇಂಗಾ ಹಿಂಡಿ ಎಲ್ಲ ಕಡೆಯೂ ಕಂಡಿತು. ಆ ಹಿಂಡಿಯಲ್ಲಿ ಬೂಷ್ಟು, ಬೂಷ್ಟಿನಲ್ಲಿ ವಿಷ. ಆಸ್ಪರ್ಜಿಲಸ್ ಫ್ಲೇವಸ್ ಎಂಬ ಆ ಬೂಷ್ಟಿನ ಹೆಸರಿನಿಂದಲೇ ಅಫ್ಲಟಾಕ್ಸಿನ್ ಎಂಬ ಹೆಸರು ಹುಟ್ಟಿತು. ದೊಡ್ಡ ಪಂಡಿತರು ಕೊನೆಗೆ ಕೇಳಿದ್ದು ನಾವು ಮೇಲೆ ಕೇಳಿದ ಪ್ರಶ್ನೆಯನ್ನೇ ಎಂಬುದನ್ನು ಗಮನಿಸಿರಿ.

ನಮ್ಮ ದೇಶದ ಕತೆ ಇನ್ನೂ ದುಃಖದ್ದು. 1974ರ ಕೊನೆಯಲ್ಲಿ ರಾಜಸ್ಥಾನದ ಬಾಂಸವಾಡಾ ಮತ್ತು ಗುಜರಾತಿನ ಪಂಚಮಹಲ್ ಜಿಲ್ಲೆಗಳ ಹಳ್ಳಿಗಳಲ್ಲಿ ಜನರಿಗೆ ಕಾಮಾಲೆ ಹತ್ತಿ ಹೊಟ್ಟೆಯಲ್ಲಿ ನೀರು ತುಂಬತೊಡಗಿತು. ಸುಮಾರು 400 ಜನ ಬೇನೆ ಬಿದ್ದು 100ಕ್ಕೂ ಹೆಚ್ಚು ಮಂದಿ ಸತ್ತರು. ಸಾಮಾನ್ಯ ಕಾಮಾಲೆಯಲ್ಲಿ ಕಾಣದ ಒಂದು ಸಂಗತಿ ಅಲ್ಲಿತ್ತು: ಅದೇ ಊರುಗಳ ನಾಯಿಗಳಿಗೂ ಅದೇ ಬೇನೆ ಬಂದಿತ್ತು. ಮನುಷ್ಯನೂ ನಾಯಿಯೂ ಹಂಚಿಕೊಂಡು ತಿಂದದ್ದು ಗೋವಿನಜೋಳದ ರೊಟ್ಟಿ. ಸುಗ್ಗಿಯ ಹೊತ್ತಿನ ಅಕಾಲ ಮಳೆಗೆ ಕಾಳು ನೆನೆದು ಬೂಷ್ಟು ಹಿಡಿದಿತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು ಅದರಲ್ಲಿ ಅಫ್ಲಟಾಕ್ಸಿನ್ ಇದ್ದುದನ್ನು ತೋರಿಸಿಕೊಟ್ಟರು.

ಈಗ ನಿಮ್ಮ ಕೊಟ್ಟಿಗೆಗೆ ಬನ್ನಿರಿ. ನಮ್ಮ ಜಿಲ್ಲೆ ಗೋವಿನಜೋಳದ ಜಿಲ್ಲೆ. ನಾವು ಉಣ್ಣುವುದು ಬಿಳಿಜೋಳದ ರೊಟ್ಟಿಯೇ ಆದರೂ ಗೋವಿನಜೋಳದ ನುಚ್ಚು ಕರೆಯುವ ಆಕಳಿಗೆ ಹೋಗುತ್ತದೆ. ಆಕಳು ಬೀಳುವುದಿಲ್ಲ, ಹಾಲು ಕೊಂಚ ಇಳಿಯಬಹುದು, ಅಷ್ಟೇ. ಆದರೆ ತಿಂದ ವಿಷದಲ್ಲಿ ನೂರಕ್ಕೆ ಒಂದೆರಡು ಪಾಲು, ಹೆಚ್ಚು ಹಾಲಿನ ಆಕಳಲ್ಲಿ ಇನ್ನೂ ಹೆಚ್ಚು, ರೂಪ ಬದಲಿಸಿ ಹಾಲಿಗೆ ಇಳಿಯುತ್ತದೆ. ಒಂದು ದಿನದೊಳಗೇ ಇಳಿಯತೊಡಗುತ್ತದೆ. ಹಾಲು ಕಾಯಿಸಿದರೆ ಹೋಗುವುದಿಲ್ಲ, ಕಾಳು ಬೇಯಿಸಿದರೂ ಹೋಗುವುದಿಲ್ಲ. ಹೀಗೆ ದಿನದಿನವೂ ಸ್ವಲ್ಪ ಸ್ವಲ್ಪ ಒಳಗೆ ಹೋಗುವುದು ಎಳೆಯ ಕೂಸುಗಳಿಗೆ ಒಳ್ಳೆಯದಲ್ಲ. ವರ್ಷಾನುಗಟ್ಟಲೆ ಹೋದರೆ ಯಕೃತ್ತಿನ ಕ್ಯಾನ್ಸರಿಗೆ ದಾರಿಯಾಗುತ್ತದೆ. ಸಮಾಧಾನದ ಮಾತು ಒಂದಿದೆ: ಕೆಟ್ಟ ಕಾಳು ನಿಲ್ಲಿಸಿದರೆ ಮೂರು ನಾಲ್ಕು ದಿನಗಳಲ್ಲಿ ಹಾಲು ತಿಳಿಯಾಗುತ್ತದೆ.

ಆದುದರಿಂದ ಸಂಶಯ ಬಂದ ಗಳಿಗೆಯಲ್ಲಿಯೇ ಆ ಚೀಲವನ್ನು ಕಟ್ಟಿ ಬೇರೆ ಇಡಿರಿ. ಪರೀಕ್ಷೆಯ ಫಲಿತ ಬರಲೆಂದು ಕಾಯಬೇಡಿರಿ. ಈ ವಿಷಕ್ಕೆ ಇಳಿಸುವ ಮದ್ದು ಇಲ್ಲ. ಮೊಲಕ್ಕೆ ಕಾಳು, ಹಿಂಡಿ ಪೂರ್ಣ ನಿಲ್ಲಿಸಿ ಒಣಹುಲ್ಲು, ಕರಿಕೆ, ಸಿಕ್ಕಿದರೆ ಸ್ವಲ್ಪ ಕುದುರೆಮಸಾಲೆ ಕೊಡಿರಿ. ಶುದ್ಧ ನೀರು ಸದಾ ಇರಲಿ. ಉಳಿದುದನ್ನು ವೈದ್ಯರು ನೋಡಿಕೊಳ್ಳುವರು. ಯಕೃತ್ತು ಪೂರ್ತಿ ಕೆಡದಿದ್ದರೆ ಮೊಲ ಚೇತರಿಸಿಕೊಳ್ಳುವುದುಂಟು. ಬೂಷ್ಟು ಹಿಡಿದ ಕಾಳನ್ನು "ಕೋಳಿಗಾದರೂ ಆದೀತು" ಎಂದು ಚೆಲ್ಲಬೇಡಿರಿ. ಮೇಲಿನ ಪುಡಿ ಒರೆಸಿ, ಬಿಸಿಲಿಗೆ ಹಾಕಿ ಮತ್ತೆ ಬಳಸುವವರಿದ್ದಾರೆ. ಬೂಷ್ಟು ಒಣಗಿ ಉದುರೀತು, ಕಾಳಿನೊಳಗಿನ ವಿಷ ಉಳಿದೇ ಇರುತ್ತದೆ. ಒಂದು ಚೀಲ ಕಾಳನ್ನು ಹೂಳುವುದು ರೈತನಿಗೆ ಸಂಕಟದ ಕೆಲಸವೆಂದು ಬಲ್ಲೆವು. ಆದರೂ ಹೂಳಬೇಕು.

ಮುಂದಿನ ಸುಗ್ಗಿಗೆ ಒಂದು ಸುಲಭವಾದ ಪರೀಕ್ಷೆ ಹೇಳುತ್ತೇವೆ. ಚೆನ್ನಾಗಿ ಒಣಗಿದ ಗಾಜಿನ ಬಾಟಲಿಯಲ್ಲಿ ಮೂರನೆಯ ಒಂದು ಪಾಲು ಕಾಳು ಹಾಕಿ, ಒಲೆಯ ಮೇಲೆ ಹುರಿದು ಆರಿಸಿದ ಪುಡಿ ಉಪ್ಪು ಒಂದೆರಡು ಚಮಚ ಹಾಕಿ, ಮುಚ್ಚಿ ಒಂದು ನಿಮಿಷ ಅಲ್ಲಾಡಿಸಿರಿ. ಹದಿನೈದು ನಿಮಿಷ ಬಿಟ್ಟು ನೋಡಿರಿ. ಉಪ್ಪು ಬಾಟಲಿಯ ಗೋಡೆಗೆ ಅಂಟಿದರೆ ಕಾಳಿನಲ್ಲಿ ನೂರಕ್ಕೆ 15ಕ್ಕಿಂತ ಹೆಚ್ಚು ತೇವವಿದೆ, ಚೀಲ ತುಂಬಬಾರದು. ಅಂಟದೆ ಕೆಳಗೆ ಉದುರಿದರೂ ಇನ್ನೊಂದೆರಡು ಬಿಸಿಲು ಕಾಣಿಸಿರಿ. 13ಕ್ಕೆ ಇಳಿದರೆ ನಿಶ್ಚಿಂತೆ. ಒಣಗಿಸುವುದು ಬರಿಯ ನೆಲದ ಮೇಲೆ ಬೇಡ, ತಾಡಪತ್ರಿಯ ಮೇಲೆ. ಚೀಲಗಳನ್ನು ಮರದ ಹಲಗೆಯ ಮೇಲೆ, ಗೋಡೆಯಿಂದ ಒಂದು ಮೊಳ ದೂರ ಇಡಿರಿ. ಒಡಕು ಕಾಳನ್ನು ಮನೆಗೆಂದು ಉಳಿಸುವ ರೂಢಿ ಬಿಡಬೇಕು. ಬೂಷ್ಟು ಮೊದಲು ಹಿಡಿಯುವುದೇ ಅದಕ್ಕೆ. ಮೆಣಸಿನಕಾಯಿಗೂ ಇದೇ ಬೂಷ್ಟು ಹತ್ತುತ್ತದೆ ಎಂಬುದನ್ನು ಬ್ಯಾಡಗಿ ಮೆಣಸಿನಕಾಯಿ ಬೆಳೆಯುವವರು ಗಮನಿಸಬೇಕು.

ಮೊಲವನ್ನು ವೈದ್ಯರಲ್ಲಿಗೆ ಒಯ್ಯುವಾಗ ಬರಿಗೈಯಲ್ಲಿ ಹೋಗಬೇಡಿರಿ. ಆ ದಿನದ ಹಿಕ್ಕೆಯನ್ನು ಒಂದು ಸಣ್ಣ ಡಬ್ಬಿಯಲ್ಲಿ, ಚೀಲದ ಮೇಲಿನಿಂದ, ನಡುವಿನಿಂದ, ತಳದಿಂದ ತೆಗೆದ ಕಾಳನ್ನು ಬೆರೆಸಿ ಒಂದು ಕಿಲೋದಷ್ಟು ಕಾಗದದ ಅಥವಾ ಬಟ್ಟೆಯ ಚೀಲದಲ್ಲಿ ತೆಗೆದುಕೊಂಡು ಹೋಗಿರಿ. ಪ್ಲಾಸ್ಟಿಕ್ಕಿನಲ್ಲಿ ಬೆವೆತು ದಾರಿಯಲ್ಲಿಯೇ ಇನ್ನಷ್ಟು ಬೂಷ್ಟು ಬೆಳೆಯುತ್ತದೆ. ಮೊಲ ಸತ್ತಿದ್ದರೆ ಹೂಳುವ ಮೊದಲು, ಅದೇ ದಿನ, ಒದ್ದೆ ಬಟ್ಟೆಯಲ್ಲಿ ಸುತ್ತಿ ತಂಪಾಗಿ ಒಯ್ಯಿರಿ. ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ. ಪಶು ಆಸ್ಪತ್ರೆ ದೂರವಿದ್ದರೆ 1962 ನಂಬರಿಗೆ ಕರೆ ಮಾಡಿ ಪಶು ಸಂಜೀವಿನಿ ವಾಹನದ ವಿಷಯ ಕೇಳಬಹುದು. ಕಾಳು ಒಣಗಿಸುವ, ಕೂಡಿಡುವ ಸಂಗತಿಗಳಿಗೆ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿರಿ. ಚೀಲ ಬಿಚ್ಚಿದ ದಿನ, ಮೊಲ ಮೇವು ಬಿಟ್ಟ ದಿನ, ಯಾವುದಕ್ಕೆ ಏನೇನು ಹಾಕುತ್ತಿದ್ದಿರಿ ಎಂಬುದನ್ನು ಮನೆಯ ಹುಡುಗನ ಕೈಯಿಂದಲೇ ಒಂದು ಚೀಟಿಯಲ್ಲಿ ಬರೆಸಿ ಒಯ್ದರೆ ವೈದ್ಯರ ಅರ್ಧ ಕೆಲಸ ಮುಗಿದಂತೆ. ದಿನಾ ಮೊಲಕ್ಕೆ ಮೇವು ಹಾಕುವವನು ಅವನೇ ಆದ್ದರಿಂದ ನಮಗಿಂತ ಅವನಿಗೇ ಹೆಚ್ಚು ತಿಳಿದಿರುತ್ತದೆ.